ಬಣ್ಣ ಆಗೇತಿ

ವಕೀಲರಿಗೆ ಬುದ್ಧಿ ಹೆಚ್ಚು ಎಂಬ ಮಾತನ್ನು ಊರಲ್ಲಿ ಹಬ್ಬಿಸಿದವರು ವಕೀಲರೇ ಇರಬೇಕು. ಜಮಖಂಡಿಯ ಕೋರ್ಟಿನಲ್ಲಿ ಕರಿ ಕೋಟು ಹಾಕಿಕೊಂಡು, ಹಾಗೆಂದರೇನು, ಬಿಡಿಸಿ ಹೇಳು ಎಂದು ಸಾಕ್ಷಿಗಳ ಬೆವರಿಳಿಸುವ ನಾನು ಇಸ್ಪೀಟಿನ ಮುಂದೆ ಕೂತರೆ ಶುದ್ಧ ಕುರಿ. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಲೇಸು.

ನಮಗೆ ಪೋಕರ್ ಅಂಟಿಸಿದವರು ಪಾಗಾ ಸಾಹೇಬರು. ಸಂಸ್ಥಾನವಿದ್ದಾಗ ಅವರು ಕುದುರೆ ಲಾಯದ ಅಧಿಕಾರಿ. ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಕರಗಿತು, ಕುದುರೆಗಳು ಹೋದವು, ಸಾಹೇಬರ ಪಾಲಿಗೆ ಮೀಸೆ ಮತ್ತು ಇಂಗ್ಲಿಷ್ ದೊರೆಗಳ ಬಂಗಲೆಯಲ್ಲಿ ಕಲಿತ ಈ ಆಟ ಉಳಿದವು. ರವಿವಾರ ಮಧ್ಯಾಹ್ನ ಅವರು, ನಾನು, ರಬಕವಿಯ ಸೀರೆ ವ್ಯಾಪಾರಿ ಶಿವಲಿಂಗಪ್ಪ, ಮೂವರೂ ಕೂಡುತ್ತಿದ್ದೆವು. ಒಬ್ಬೊಬ್ಬರಿಗೆ ಐದು ಎಲೆ. ಒಂದು ಮುಚ್ಚಿದ್ದು, ನಾಲ್ಕು ಎಲ್ಲರಿಗೂ ಕಾಣುವಂತೆ ಬಿಚ್ಚಿದ್ದು. ಐದೂ ಒಂದೇ ಜಾತಿಯವಾದರೆ ಅದಕ್ಕೆ ನಮ್ಮಲ್ಲಿ ‘ಬಣ್ಣ’ ಎಂದು ಹೆಸರು. ಪಣಕ್ಕೆ ಹುಣಸೆ ಬೀಜ. ಪಣ ಏರಿದಾಗ ಹೆದರಿ ಎಲೆ ಬಿಟ್ಟವನು ಅಲ್ಲಿಯವರೆಗೆ ಹಾಕಿದ ಬೀಜವನ್ನೂ ಬಿಡಬೇಕು. ಹೆಚ್ಚು ಬೀಜ ಕಳೆದುಕೊಂಡವನು ಮುಂದಿನ ರವಿವಾರ ಉಳಿದವರಿಗೆ ಹೋಳಿಗೆ ಊಟ ಹಾಕಬೇಕು.

ಆಟದ ಹೆಸರು ಕೇಳಿದಾಗಲೇ ನನ್ನ ಹೆಂಡತಿ, ಪೋಕರಿಗಳ ಆಟಕ್ಕೆ ತಕ್ಕ ಹೆಸರೇ ಇಟ್ಟಿದ್ದಾರೆ ಎಂದಿದ್ದಳು. ಹೋಳಿಗೆಯ ಪಾಳಿ ಮೇಲಿಂದ ಮೇಲೆ ನಮ್ಮ ಮನೆಗೇ ಬರತೊಡಗಿದಾಗ, ಇನ್ನೊಮ್ಮೆ ಸೋತು ಬಂದರೆ ತಾನು ಲೋಕಾಪುರದ ತವರಿಗೆ ಹೊರಟೆ ಎಂದು ತಿಳಿಸಿಟ್ಟಳು. ಅವಳ ಸಿಟ್ಟಿಳಿಸಲು ಶಿವಲಿಂಗಪ್ಪನಿಗೆ ಒಂದು ಸೀರೆ ನೇಯಿಸಲು ಹೇಳಿದ್ದೆ. ಅವಳಿಗೆ ಹಣ್ಣಾದ ನೇರಳೆಯ ಬಣ್ಣವೇ ಆಗಬೇಕು. ನೂಲಿಗೆ ಆ ಬಣ್ಣ ಹತ್ತುತ್ತಿಲ್ಲವೆಂದು ಅವನು ದಿನ ತಳ್ಳುತ್ತಿದ್ದ, ನಾನು ಸಿಕ್ಕಾಗಲೆಲ್ಲ ಕೇಳುತ್ತಿದ್ದೆ.

ಆ ರವಿವಾರ ನನಗೆ ಬಿಚ್ಚಿದ್ದರಲ್ಲಿ ಎರಡು ರಾಜ, ಮುಚ್ಚಿದ್ದೂ ರಾಜ. ಸಂಸ್ಥಾನವಿದ್ದಾಗಲೂ ನನಗೆ ಇಷ್ಟು ರಾಜರ ಒಡನಾಟ ಇರಲಿಲ್ಲ. ನನ್ನ ಬೀಜಗಳಲ್ಲಿ ಹೆಚ್ಚಿನವನ್ನು ಆಗಲೇ ಪಣಕ್ಕೆ ಸುರಿದಿದ್ದೆ. ಪಾಗಾ ಸಾಹೇಬರು ಆಗಲೇ ಎಲೆ ಬಿಟ್ಟು ಮೀಸೆ ತಿರುವುತ್ತಿದ್ದರು. ಶಿವಲಿಂಗಪ್ಪನ ಮುಂದೆ ಬದಾಮ್ ಜಾತಿಯ ಮೂರು ಕೆಂಪು ಎಲೆ ಇದ್ದವು. ನಾಲ್ಕನೆಯದೂ ಬದಾಮೇ ಬಂದು ಬಿತ್ತು. ಅವನು ತನ್ನ ಬೀಜವನ್ನೆಲ್ಲ ನಡುವೆ ನೂಕಿ ಪಣ ಏರಿಸಿದ. ಮುಚ್ಚಿದ ಎಲೆಯೂ ಬದಾಮ್ ಆಗಿದ್ದರೆ ನನ್ನ ರಾಜರು ಮಣ್ಣುಪಾಲು, ಹೆಂಡತಿ ಲೋಕಾಪುರದ ಪಾಲು. ಕಟಕಟೆಯ ಸಾಕ್ಷಿಯನ್ನು ನೋಡುವಂತೆ ಅವನನ್ನು ದಿಟ್ಟಿಸಿದೆ. ಅವನು ಬಾಯೊಳಗಿನ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಸಮಾಧಾನವಾಗಿ ಹೇಳಿದ:

“ಬಣ್ಣ ಆಗೇತ್ರಿ, ವಕೀಲ್ ಸಾಹೇಬ್ರ.”

ಇಷ್ಟು ನೇರವಾಗಿ ತಪ್ಪೊಪ್ಪಿಕೊಂಡವರನ್ನು ನಾನು ಕೋರ್ಟಿನಲ್ಲಿಯೂ ಕಂಡಿರಲಿಲ್ಲ. ಮೂರು ರಾಜರನ್ನೂ ಮಗುಚಿಟ್ಟು ಎಲೆ ಬಿಟ್ಟೆ. ಶಿವಲಿಂಗಪ್ಪ ಬೀಜ ಬಾಚಿಕೊಂಡು ತನ್ನ ಮುಚ್ಚಿದ ಎಲೆ ತಿರುವಿದ. ಬದಾಮ್ ಅಲ್ಲ, ಕರೀ ಇಸ್ಪೀಟಿನ ಏಳು. ನಾನು ಬಾಯಿ ಬಿಟ್ಟು, ಬಣ್ಣ ಆಗಿದೆ ಅಂದಿರಲ್ಲ ಎಂದು ಕೇಳಿದೆ.

“ಖರೇನ ಅಂದೇನ್ರಿ. ನಿಮ್ಮನಿ ವೈನ್ಯಾರ ಸೀರಿ ನೂಲಿಗೆ ನಿನ್ನೆ ಬಣ್ಣ ಆತು. ನೀವ ಕೇಳಾಕತ್ತಿದ್ರಲ್ಲ.”

ಪಾಗಾ ಸಾಹೇಬರು ಕೆಮ್ಮು ಬರುವಷ್ಟು ನಕ್ಕರು. ಅವನು ಬೇಕೆಂದೇ ಅಂದನೋ, ಇಲ್ಲವೋ, ದೇವರೇ ಬಲ್ಲ. ಸೀರೆ ವ್ಯಾಪಾರಿಯ ಸತ್ಯಕ್ಕೂ ಎರಡು ಅಂಚು. ಯಾವ ಬಣ್ಣ ಎಂದು ಒಂದು ಮಾತು ಕೇಳಬೇಕಾದ ನನ್ನ ವಕೀಲಿ ನಾಲಗೆ ಎಲ್ಲಿ ಸತ್ತಿತ್ತೋ! ಇನ್ನು ಮುಂದೆ ಯಾರು ಪಣ ಏರಿಸಿದರೂ ಹೆದರಬಾರದು, ಮುಚ್ಚಿದ ಎಲೆ ಯಾವಾಗಲೂ ಪೊಳ್ಳು ಎಂದು ನಿಶ್ಚಯಿಸಿಕೊಂಡೆ.

ಸೋತ ಸುದ್ದಿ ಕೇಳಿದ ಹೆಂಡತಿ ವಾರವಿಡೀ ಎಂದಿನಂತೆ ಮನೆಗೆಲಸ ಮಾಡಿಕೊಂಡಿದ್ದಳು. ಶನಿವಾರ ಸೀರೆ ಬಂತು. ರವಿವಾರ ಬೆಳಗ್ಗೆ ಅದನ್ನು ಉಟ್ಟು, ಕನ್ನಡಿಯ ಮುಂದೆ ನಿಂತು ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಬಣ್ಣ ಒಪ್ಪಿತ್ತು. ಇದೇ ಸಮಯವೆಂದು ಹೋಳಿಗೆಯ ಮಾತು ತೆಗೆದೆ.

“ನಾ ಹೇಳಿದ್ದು ನೆನಪೈತಿಲ್ರೀ? ಲೋಕಾಪುರದ ಬಸ್ಸ ಇನ್ನೇನ್ ಬರತೈತಿ.”

ಗಂಡ ಕೊಡಿಸಿದ ಹೊಸ ಸೀರೆ ಉಟ್ಟ ದಿನವೇ ಗಂಡನನ್ನು ಬಿಟ್ಟು ಹೋಗುವ ಹೆಂಗಸು ಎಲ್ಲಾದರೂ ಇದ್ದಾಳೆಯೇ? ಮುಚ್ಚಿದ ಎಲೆ ಪೊಳ್ಳು ಎಂದು ಖಾತ್ರಿಯಾಯಿತು.

“ಹೋಗು, ನೋಡೂಣು,” ಎಂದೆ.

ಹೋದಳು. ಅದೇ ಸೀರೆಯಲ್ಲಿ.

ಮಧ್ಯಾಹ್ನ ಅತಿಥಿಗಳಿಬ್ಬರೂ ಹಸಿದು ಬಂದರು. ನಾನೇ ತಟ್ಟಿದ ಜೋಳದ ರೊಟ್ಟಿಯನ್ನು ಎಲೆಗೆ ಬಡಿಸಿದೆ. ಇಬ್ಬರೂ ಒಂದೊಂದು ಚೂರು ಮುರಿದು ಬಾಯಿಗಿಟ್ಟು, ಮುಖ ಮುಖ ನೋಡಿಕೊಂಡು, ಎಲೆ ಬಿಟ್ಟು ಎದ್ದರು. ಯಾವಾಗ ಎಲೆ ಬಿಡಬೇಕೆಂಬುದು ಬಲ್ಲವರಿಗೆ ಗೊತ್ತಿರುತ್ತದೆ. ನಾನು ಕೂತು ಪೂರ್ತಿ ಉಂಡೆ.