ಒಂದು ಬಕೆಟ್ಟಿನ ಪ್ರಣಾಳಿಕೆ

ಪುರಾವೆ ಸಾಹೇಬರ ಕೀರ್ತಿ ಅವರಿರುವ ನಾಲ್ಕಂತಸ್ತಿನ ಕಟ್ಟಡವನ್ನೂ ದಾಟಿ, ಬಸ್ ನಿಲ್ದಾಣದ ತನಕ ಹಬ್ಬಿತ್ತು. ಕಿಟಕಿ ತೆರೆದು ಖಚಿತಪಡಿಸಿಕೊಳ್ಳದೆ ಬೆಳಗಾಯಿತೆಂದು ಒಪ್ಪಿದವರಲ್ಲ ಅವರು. “ರೀ, ಹಾಲು ಉಕ್ತಿದೆ!” ಎಂದು ಹೆಂಡತಿ ಬಚ್ಚಲಿನಿಂದ ಕೂಗಿದರೆ “ಪುರಾವೆ?” ಎನ್ನುತ್ತಿದ್ದರು. ಪುರಾವೆ ಒಲೆಯಿಂದಿಳಿದು ನೆಲದ ಮೇಲೆ ಹರಿದು ಬಂದು, ಅವರ ಪಾದ ಮುಟ್ಟಿ ಹೋಗುತ್ತಿತ್ತು. (ವೃತ್ತಿಯಲ್ಲಿ ತೂಕ-ಅಳತೆ ಇನ್‌ಸ್ಪೆಕ್ಟರು. ದೋಷ ವೃತ್ತಿಯದಲ್ಲ, ಹುಟ್ಟಿನದು ಎಂಬುದು ಹೆಂಡತಿಯ ತೀರ್ಪು.)

ಇಂಥ ಮಹಾಪುರುಷರು ಕಟ್ಟಡದ ಸಂಘದ ಅಧ್ಯಕ್ಷಗಿರಿಗೆ ನಿಂತಾಗ ಹೆಂಡತಿಯ ಎದೆ ಧಸಕ್ಕೆಂದಿತು. ಅಧ್ಯಕ್ಷರ ಮನೆಯೆಂದರೆ ಪಂಪಿನ ಕೋಣೆಯ ಬೀಗದಕೈ ಇರುವ ಮನೆ. ನೀರಿಲ್ಲವೆಂದು ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯುವವರ ಕಾಟಕ್ಕೆ ಹಿಂದಿನ ಅಧ್ಯಕ್ಷರ ಹೆಂಡತಿ ಎರಡು ವರ್ಷ ನೆಮ್ಮದಿಯಾಗಿ ತಲೆಗೆ ಎರೆದುಕೊಂಡವಳಲ್ಲ.

ಸಾಹೇಬರು ಮನೆಮನೆಗೆ ಹೋಗಿ ‘ಸಂಕಟ ಪಟ್ಟಿ’ ತುಂಬಿಸಿ ತಂದರು. ನಲವತ್ತು ಮನೆಗಳಲ್ಲಿ ಮೂವತ್ತೊಂದರ ಗೋಳು ಒಂದೇ: ನಲ್ಲಿ ನೀರು ಸಣ್ಣಗೆ ಬರುತ್ತದೆ. ಮರುದಿನವೇ ಪ್ರಣಾಳಿಕೆ ಅಚ್ಚಾಗಿ ಬಂತು: “ಹೊಸ ಪಂಪು! ಇದು ಅಂಕಿ-ಅಂಶಗಳ ಆಣೆ!”

ಹೆಂಡತಿ ಅದನ್ನು ಎರಡು ಸಲ ಓದಿದಳು. “ನೀರಿಗೆ ತೊಂದರೆ ಇದೆ ಅನ್ನೋದಕ್ಕೆ ಪುರಾವೆ ಸಿಕ್ತು, ಸರಿ. ಹೊಸ ಪಂಪು ಹಾಕಿದ್ರೆ ಅದು ಹೋಗುತ್ತೆ ಅನ್ನೋದಕ್ಕೆ?”

ಸಾಹೇಬರ ಅಸ್ತ್ರ ಅವರ ಮೇಲೇ ಬಿದ್ದದ್ದು ಅದೇ ಮೊದಲು.

ಆಗ ಶುರುವಾಯಿತು ಬಕೆಟ್ ಪರ್ವ. ನೀಲಿ ಬಕೆಟ್ಟು, ಗಡಿಯಾರ, ನೋಟು ಪುಸ್ತಕ. ತಾರಸಿಯ ಟ್ಯಾಂಕು ಅರ್ಧ ಇದ್ದಾಗ ಬಕೆಟ್ ತುಂಬಲು ಹನ್ನೊಂದು ನಿಮಿಷ. ಪಂಪು ಓಡಿ ಟ್ಯಾಂಕು ತುಂಬಿ ತುಳುಕಿದಾಗಲೂ ಹನ್ನೊಂದೇ!

“ಅಂದ್ರೆ ನೀರು ಟ್ಯಾಂಕಿಗೆ ಏರ್ತಿದೆ, ನಲ್ಲಿಗೆ ಇಳೀತಿಲ್ಲ. ಪಂಪಿನದೇನೂ ತಪ್ಪಿಲ್ಲ,” ಎಂದರು ಸಾಹೇಬರು, ಬಕೆಟ್ಟೇ ತಮಗೆ ಕೈಕೊಟ್ಟಿತೆಂಬಂತೆ ಅದನ್ನು ದಿಟ್ಟಿಸುತ್ತ.

ಎದುರಾಳಿ ಎಂದರೆ ನೆಲಮಾಳಿಗೆಯ ಟೈಲರಮ್ಮ. ಆಕೆಯ ಪ್ರಣಾಳಿಕೆ, ರವಿಕೆಯ ಅಳತೆ ಬರೆಯುವ ಚೀಟಿಯ ಹಿಂಭಾಗದಲ್ಲಿ ಒಂದೇ ಸಾಲು: “ತಾರಸಿ ಟ್ಯಾಂಕಿನ ವಾಲ್ವ್ ತುಕ್ಕು ಹಿಡಿದಿದೆ, ಬದಲಾಯಿಸುತ್ತೇನೆ. ಪಕ್ಕದ ಕಟ್ಟಡದವರು ಹೋದ ವರ್ಷ ಬದಲಾಯಿಸಿದರು, ಹೋಗಿ ನೋಡಿ.”

ಸಾಹೇಬರು ಹೋಗಿ ನೋಡಿದರು, ಬಕೆಟ್ ಸಮೇತ. ಅದೇ ಅಳತೆಯ ಟ್ಯಾಂಕು, ಅದೇ ಪಂಪು. ಮೂರು ನಿಮಿಷ! ಅಪನಂಬಿಕೆಯಿಂದ ಇನ್ನೂ ನಾಲ್ಕು ಮನೆಗಳಲ್ಲಿ ತುಂಬಿಸಿದರು. (ಆ ಮನೆಯವರು ಇವರನ್ನು ನೀರು ಕದಿಯಲು ಬಂದವರೆಂದುಕೊಂಡರು.) ಮೂರೇ ನಿಮಿಷ.

“ನಾಮಪತ್ರ ವಾಪಸ್ ತಗೊಂಡ್ಬಿಡಿ ಮತ್ತೆ,” ಎಂದಳು ಹೆಂಡತಿ, ದನಿಯಲ್ಲಿನ ಹಿಗ್ಗನ್ನು ಅದುಮಿಕೊಂಡು.

“ಗಡುವು ನಿನ್ನೆಗೇ ಮುಗೀತು ಕಣೇ.”

ಓಟು ಮನೆಗೊಂದಲ್ಲ, ತಲೆಗೊಂದು. ಮತದಾನದ ದಿನ ಹೆಂಡತಿ, ಗಂಡನಿಗೇ ಹಾಕದಿದ್ದರೆ ಹೇಗೆ ಎಂದುಕೊಂಡು, ಕಣ್ಣು ಮುಚ್ಚಿ ಅವರಿಗೇ ಓಟು ಹಾಕಿದಳು. ಹಾಕಿದ ಕ್ಷಣದಿಂದ ಒಂದೇ ಚಿಂತೆ: ಎಲ್ಲಾದರೂ ಗೆದ್ದುಬಿಟ್ಟರೆ? ಸಂಜೆ ಮೂರನೇ ಮಹಡಿಯ ಮೇಷ್ಟ್ರು ಚೀಟಿಗಳನ್ನು ಎಣಿಸಿ, ಕನ್ನಡಕ ಒರೆಸಿ, ಮತ್ತೆ ಎಣಿಸಿ ಘೋಷಿಸಿದರು: “ಟೈಲರಮ್ಮನಿಗೆ ಇಪ್ಪತ್ನಾಲ್ಕು. ಸಾಹೇಬರಿಗೆ ಇಪ್ಪತ್ಮೂರು.”

ಹೆಂಡತಿಗೆ ಹೋದ ಜೀವ ಬಂದಂತಾಯಿತು. ಬೀಗದಕೈ ನೆಲಮಾಳಿಗೆಗೆ ಹೋಯಿತು. ಅವಳು ಹಗುರಾಗಿ ಮೆಟ್ಟಿಲು ಹತ್ತತೊಡಗಿದಳು. ಎರಡನೇ ಮಹಡಿಯ ತಮ್ಮ ಮನೆ ತಲುಪುವಷ್ಟರಲ್ಲಿ ಮಾತ್ರ ಪತ್ನೀಧರ್ಮ ಭುಗಿಲೆದ್ದಿತು.

“ಒಂದೇ ಒಂದು ಓಟು! ನಿಮ್ಮದೇ ಅನ್ನಿಸಿಕೊಂಡ ಓಟೊಂದು ಆ ಕಡೆ ಬಿದ್ದಿದೆ ರೀ! ನಮ್ಮ ಮನೇಲಿ ಕಾಫಿ ಕುಡಿದು, ಬೆನ್ನಿಗೆ ಚೂರಿ ಹಾಕಿದ ಆ ದ್ರೋಹಿ ಯಾರು ಅಂತ ನಂಗೆ ಈಗಲೇ ಗೊತ್ತಾಗ್ಬೇಕು!”

ಸಾಹೇಬರು ಚಪ್ಪಲಿ ಬಿಡುತ್ತ ಹೇಳಿದರು:

“ನಾನೇ ಕಣೇ. ನಮಗೂ ನೀರು ಬೇಕಲ್ವಾ?”