ಕಾಣದ ಬೆಳಕಿನ ಕಸುಬು

ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಲಾಗದವರು ಸಣ್ಣ ಊರಿನಲ್ಲಿ ಇರಬಾರದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಸಿಕ್ಕಿ, "ಎಂತ ಕೆಲ್ಸ ಮಾರಾಯ್ತಿ ನಿಂದು?" ಎಂದರೆ ನಾನು "ಕಂಪ್ಯೂಟರ್" ಎಂದು ಎದುರಿಗಿದ್ದ ಬಸ್ಸು ಹತ್ತಿಬಿಡುತ್ತೇನೆ. ಹಾಗೆ ಒಮ್ಮೆ ಸುಮ್ಮಸುಮ್ಮನೆ ಜಯಪುರಕ್ಕೆ ಹೋಗಿ ಬಂದದ್ದೂ ಉಂಟು. ನಿಜ ಹೇಳಬೇಕೆಂದರೆ, ಬೆಳಕಿನಿಂದ ಲೆಕ್ಕ ಮಾಡುವ ಕ್ವಾಂಟಮ್ ಕಂಪ್ಯೂಟರಿಗೆ ಬೇಕಾದ ಚಿಪ್‌ಗಳ ನಕ್ಷೆ ಬರೆಯುವುದು ನನ್ನ ಕಸುಬು. ಉಗುರಿನಷ್ಟಗಲದ ಚಿಪ್. ಅದರೊಳಗೆ ಕೂದಲಿಗಿಂತ ಸಪೂರವಾದ ದಾರಿಗಳು. ಅವುಗಳಲ್ಲಿ ಬೆಳಕಿನ ಕಣಗಳು ಒಂದೊಂದಾಗಿ ಸಾಗಬೇಕು. ನಡುವೆ ಒಂದು ಸೋರಿಹೋದರೂ ಲೆಕ್ಕ ಕೆಟ್ಟಂತೆ. ಸಾರು ಸಾಲದಿದ್ದರೆ ನೀರು ಬೆರೆಸಿ ಸುಧಾರಿಸುತ್ತೇವಲ್ಲ, ಹಾಗೆ ಇಲ್ಲಿ ಸುಧಾರಿಸಲು ಬರುವುದಿಲ್ಲ; ಹೋದದ್ದು ಹೋಯಿತು. ಸೋರದಂತೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ. ನಕ್ಷೆಯನ್ನು ಮನೆಯಲ್ಲೇ ಕೂತು ಬರೆಯುತ್ತೇನೆ, ಪರೀಕ್ಷೆಗೆಂದು ಆಗಾಗ ಪ್ರಯೋಗಾಲಯಕ್ಕೆ ಹೋಗಿಬರುತ್ತೇನೆ.

ಇಷ್ಟನ್ನೂ ನಾನು ಬಿಡಿಸಿ ಹೇಳಿದ್ದು ಅಮ್ಮನೊಬ್ಬಳಿಗೇ. ಅಮ್ಮ ಟೈಲರ್. ಊರಿನ ಅರ್ಧಕ್ಕರ್ಧ ಹೆಂಗಸರ ರವಿಕೆ ಹೊಲಿದವಳು. ಯಾರು ದಪ್ಪಗಾದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ಇವಳಿಗೆ ಗೊತ್ತಾಗುತ್ತಿತ್ತು. ಹೋದ ವರ್ಷ ಅವಳಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾಯಿತು. ಕನ್ನಡಕ ಬದಲಿಸಿದರಾಯಿತು ಎಂದು ಕರೆದುಕೊಂಡು ಹೋದರೆ, ಕಣ್ಣಿನ ನರವೇ ಒಣಗುತ್ತಿದೆ ಎಂದರು ಡಾಕ್ಟರು. "ಉಳಿದದ್ದನ್ನ ಸ್ವಲ್ಪ ದಿನ ಕಾಪಾಡ್ಬಹುದು, ಹೋದದ್ದು ಬರೋದಿಲ್ಲ." ನನ್ನ ಕಸುಬಿನಲ್ಲಿ ನಾನು ದಿನಾ ಆಡುವ ಮಾತು. ಅವತ್ತು ಮಾತ್ರ ಅರ್ಥವೇ ಆಗದವಳಂತೆ ಮತ್ತೆ ಮತ್ತೆ ಕೇಳಿದೆ. ವಾಪಸು ಬರುವಾಗ ಅಮ್ಮ ಒಂದೇ ಹಟ ಹಿಡಿದಳು: "ಪೂರ್ತಿ ಹೋಗೋದ್ರೊಳಗೆ ನೀ ಮಾಡಿದ ಚಿಪ್ ಒಂದ್ಸಲ ನೋಡ್ಬೇಕು."

ಪರೀಕ್ಷೆಯಲ್ಲಿ ಕೆಟ್ಟು ಮೂಲೆ ಸೇರಿದ್ದೊಂದನ್ನು ಮನೆಗೆ ತರುವುದಕ್ಕೂ ಅನುಮತಿ ಬೇಕು. ಅದು ಸಿಕ್ಕಿ, ಚಿಪ್ ಡಬ್ಬಿಯಲ್ಲಿ ಕೂತು ಮನೆಗೆ ಬರುವಷ್ಟರಲ್ಲಿ ಆಯುಧಪೂಜೆಯೇ ಬಂತು, ಅಮ್ಮನ ಕಣ್ಣಿಗೆ ಕಿಟಕಿಯ ಬೆಳಕಷ್ಟೇ ಉಳಿದಿತ್ತು. ಹಬ್ಬದ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಾಗ ಅವಳು ತಡವಿ ತಡವಿ ಎಲ್ಲವನ್ನೂ ಪೂಜೆಗೆ ಜೋಡಿಸಿದ್ದಳು: ಹೊಲಿಗೆ ಮಷೀನು, ಕತ್ತರಿ, ಕಾಯಿ ತುರಿಯುವ ಮಣೆ, ನನ್ನ ಲ್ಯಾಪ್‌ಟಾಪು. ನಡುವೆ, ಡಬ್ಬಿಯಿಂದ ಹೊರಗೆ, ಮೈತುಂಬ ಗಂಧ ಬಳಿಸಿಕೊಂಡು, ಕುಂಕುಮ ಇಡಿಸಿಕೊಂಡು, ಸೇವಂತಿಗೆಯ ಅಡಿಯಲ್ಲಿ ಚಿಪ್! ಧೂಳಿನ ಕಣ ಬೀಳಬಾರದೆಂದು ನಾವು ತಲೆಯಿಂದ ಕಾಲಿನವರೆಗೆ ಮುಸುಕು ಹಾಕಿಕೊಂಡು ಮುಟ್ಟುವ ವಸ್ತು. ನಾನು ಹೌಹಾರಿ, "ಅಯ್ಯೋ, ಎಂತ ಮಾಡಿದ್ಯಮ್ಮಾ!" ಎಂದೆ.

"ಎಂತ ಮಾಡಿದೆ? ನಿಂಗೆ ಅನ್ನ ಕೊಡೋದು ಅದೇ ಅಲ್ವಾ? ಅದನ್ನ ಬಿಟ್ಟು ಕತ್ತರಿಗೆ ಮಾತ್ರ ಕುಂಕುಮ ಇಡ್ಲಾ?"

ಹೇಗೂ ಕೆಟ್ಟ ಚಿಪ್, ಅಲಂಕಾರವಾದರೂ ಆಗಲಿ ಎಂದು ನಗು ಬಂತು. ಮಂಗಳಾರತಿಯಾದ ಮೇಲೆ ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಕಿಟಕಿಯ ಹತ್ತಿರ ಒಯ್ದಳು. ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು, ರೆಪ್ಪೆಗೆ ತಾಗುವಷ್ಟು ಹತ್ತಿರ ಹಿಡಿದಳು. ಕಂಡಿತಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನಾಲ್ಕು ತಿಂಗಳು ಮೊದಲೇ ತಂದಿದ್ದರೆ ಎಂದು ನನ್ನನ್ನೇ ಬೈದುಕೊಂಡೆ.

"ಇದ್ರೊಳಗೆ ಹೋಗೋ ಬೆಳಕು ಯಾವ ಬಣ್ಣ ಮಗಾ?" ಎಂದಳು.

"ಬಣ್ಣ ಇಲ್ಲಮ್ಮ. ಅದು ಕಣ್ಣಿಗೆ ಕಾಣೋ ಬೆಳಕಲ್ಲ."

"ನಿಂಗೂ ಕಾಣೋದಿಲ್ವಾ?"

"ಯಾರಿಗೂ ಕಾಣೋದಿಲ್ಲ. ಬೆಳಕು ಬಂತು ಅಂತ ಮಷೀನು ಅಂದ್ರೆ ಬಂತು ಅಂತ ನಂಬೋದು, ಅಷ್ಟೇ."

ಅಮ್ಮನ ಮುಖ ಹಗುರಾಯಿತು. "ಹೌದಾ? ಹಾಗಾದ್ರೆ ಅಡ್ಡಿಲ್ಲ ಮಾರಾಯ್ತಿ. ಇಷ್ಟು ವರ್ಷ ನೀ ಕಾಣದೇನೇ ಕೆಲ್ಸ ಮಾಡ್ಕೊಂಡು ಬಂದಿದ್ದೀಯಲ್ಲ. ಹ್ಯಾಗೆ ಅಂತ ನಂಗೂ ಕಲಿಸ್ಕೊಡು."

ಕಾಣದ ಬೆಳಕಿನ ಪಂಡಿತೆಯೆಂದು ಸಂಬಳ ಎಣಿಸುವ ನಾನು, ಇವಳಿಗೆ ಹೇಗೂ ಕಾಣುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ, ಅಲ್ಲೇ ಎದುರಿಗೆ ನಿಂತು ಸದ್ದಿಲ್ಲದೆ ಅತ್ತೆ.

"ಹಬ್ಬದ ದಿನ ಅಳ್ಬಾರ್ದು," ಎಂದಳು ಅಮ್ಮ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ಮೂಗು ಒರೆಸ್ಕೊ."