ಮಾವನವರ ಹಸಿರು ಮುಖ

ಅನುಮಾನ ಪಡುವುದು ಕೆಟ್ಟ ಗುಣ ಎಂದು ಜನ ಹೇಳುತ್ತಾರೆ. ನನಗೆ ಅದಕ್ಕೆ ತಿಂಗಳು ತಿಂಗಳು ಸಂಬಳ ಸಿಗುತ್ತಿತ್ತು. ಠಾಣೆ ಶಹರದ ಒಂದು ವಿಮಾ ಕಚೇರಿಯಲ್ಲಿ, ಗಾಡಿ ಗುದ್ದಿತು, ಗಾಡಿ ಕಳವಾಯಿತು ಎಂದು ಬರುವ ಅರ್ಜಿಗಳಲ್ಲಿ ಸುಳ್ಳು ಯಾವುದು ಎಂದು ಹುಡುಕುವುದೇ ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಡೊಂಬಿವಲಿಯ ಮನೆಯಲ್ಲಿ ಕುಳಿತ ಮೇಲೆ ಅರ್ಜಿಗಳು ನಿಂತವು, ಅನುಮಾನ ನಿಲ್ಲಲಿಲ್ಲ. ಹಾಲಿನವನು, ಲಿಫ್ಟ್ ಮೆಕ್ಯಾನಿಕ್, ಸೊಸೈಟಿಯ ಸೆಕ್ರೆಟರಿ, ಟೀವಿಯಲ್ಲಿ ಹವಾಮಾನ ಹೇಳುವ ಹೆಂಗಸು, ಯಾರನ್ನೂ ನಾನು ಬಿಟ್ಟವನಲ್ಲ. "ದೇವರು ಪ್ರತ್ಯಕ್ಷ ಆದ್ರೂ ನೀವು ಆಧಾರ್ ಕಾರ್ಡ್ ಕೇಳುವ ಜನ ಮಾರಾಯ್ರೆ" ಎನ್ನುತ್ತಾಳೆ ನನ್ನ ಹೆಂಡತಿ ವಾರಿಜ.

ನಮ್ಮ ಜೊತೆಗೇ ಇರುವ ಅತ್ತೆಗೆ, ಅಂದರೆ ವಾರಿಜಳ ಅಮ್ಮನಿಗೆ, ಒಂದು ಆಸೆಯಿತ್ತು. ಮಾವನವರು ಠಾಣೆಯ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದಾಗ ಅಲ್ಲಿ ಯಾವುದೋ ಬಡ ಹಿಂದಿ ಸಿನಿಮಾದ ಶೂಟಿಂಗ್ ನಡೆದು, ಗಲ್ಲಾದಲ್ಲಿ ಕುಳಿತವರಾಗಿ ಅವರೂ ಕಾಣಿಸಿಕೊಂಡಿದ್ದರಂತೆ. ಅತ್ತೆ ಆಗ ಎರಡನೇ ಹೆರಿಗೆಗೆ ಉಡುಪಿಯಲ್ಲಿದ್ದರು. ಅವರು ಮಗುವಿನೊಂದಿಗೆ ಮರಳುವಷ್ಟರಲ್ಲಿ ಸಿನಿಮಾ ಬಂದು ಹೋಗಿಯೂ ಆಗಿತ್ತು. ಮರುವರ್ಷ ಮಾವನವರು ಕಾಮಾಲೆಯಲ್ಲಿ ತೀರಿಕೊಂಡರು. ನಾನು ಅವರನ್ನು ಕಂಡದ್ದು ಗೋಡೆಯ ಮೇಲಿನ ಕಪ್ಪು ಬಿಳುಪು ಫೋಟೊದಲ್ಲಿ ಮಾತ್ರ.

ಈ ಮಳೆಗಾಲದ ಒಂದು ಭಾನುವಾರ ಮಧ್ಯಾಹ್ನ ನನ್ನ ಮಗಳು ಆ ಸಿನಿಮಾವನ್ನು ಇಂಟರ್‌ನೆಟ್ಟಿನಲ್ಲಿ ಪತ್ತೆ ಮಾಡಿ ಹೊಸ ಟೀವಿಗೆ ಹಾಕಿದಳು. ಅತ್ತೆ ಒಳ್ಳೆಯ ಸೀರೆ ಉಟ್ಟು ಬಂದು ಕುಳಿತರು. ಮುಕ್ಕಾಲು ಗಂಟೆ ನಾಯಕಿ ತೋಟಗಳಲ್ಲಿ ಓಡಿದ ಮೇಲೆ ಹೋಟೆಲು ಬಂತು. ಗಲ್ಲಾದ ಹಿಂದೆ ಮಾವನವರು! ನಾವು ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು. ಅವರ ಮುಖ ಎಳೆ ಹೀರೇಕಾಯಿಯ ಬಣ್ಣಕ್ಕಿತ್ತು.

ಅತ್ತೆ ಎದ್ದು ಒಳಗೆ ಹೋದರು. ಮರುದಿನದಿಂದ ಅವರ ಊಟ ಅರ್ಧವಾಯಿತು. ಮೂರನೆಯ ದಿನ ವಾರಿಜಳ ಹತ್ತಿರ ಬಾಯಿಬಿಟ್ಟರು. "ಆಗಲೇ ಕಾಮಾಲೆ ಇತ್ತು ಅವರಿಗೆ. ನನಗೆ ಗಾಬರಿ ಆಗ್ತದೆ ಅಂತ ಕಾಗದದಲ್ಲಿ ಒಂದು ಶಬ್ದ ಬರೀಲಿಲ್ಲ. ನಾನು ಊರಲ್ಲಿ ಎಣ್ಣೆ ಹಚ್ಚಿಸಿಕೊಂಡು ಬಾಣಂತನ ಮಾಡಿಸಿಕೊಳ್ತಾ ಇದ್ದೆ. ಮದ್ದು ಮಾಡಿದ್ರೆ ಉಳೀತಿದ್ರು."

ಐವತ್ತು ವರ್ಷ ಹಿಂದೆ ತೀರಿಕೊಂಡವರ ವಿಷಯದಲ್ಲಿ ಹೊಸದಾಗಿ ತಪ್ಪು ಹೊತ್ತುಕೊಂಡು ಕುಳಿತ ಮುದುಕಿಗೆ ಯಾರು ಏನು ಹೇಳಬೇಕು? ನಾನು ನನ್ನ ಕಸುಬಿಗೆ ಇಳಿದೆ. ಮೊದಲ ಆರೋಪಿ ಟೀವಿ. ರಿಮೋಟ್ ಒತ್ತಿ ಒತ್ತಿ ಮಾವನವರನ್ನು ಒಂದು ಹದಕ್ಕೆ ತಂದೆ. ಅಷ್ಟರಲ್ಲಿ ತೋಟದ ನಾಯಕಿ ಬದನೆಕಾಯಿಯಾದಳು. "ಪಪ್ಪಾ, ಟೀವಿ ಠೀಕ್ ಹೈ, ಛೋಡೋ ನಾ" ಎಂದು ಮಗಳು ರಿಮೋಟ್ ಕಿತ್ತುಕೊಂಡಳು. ಎರಡನೆಯ ಆರೋಪಿ, ಸಿನಿಮಾವನ್ನು ಇಂಟರ್‌ನೆಟ್ಟಿಗೆ ಹಾಕಿದ ಪುಣ್ಯಾತ್ಮ. ಆದರೆ ಅವನಿಗೆ ನಮ್ಮ ಮಾವನವರ ಮೇಲೆ ಏನು ದ್ವೇಷ? ಮೂರನೆಯದು ನನ್ನ ಕಣ್ಣು. ಅದನ್ನು ಪರೀಕ್ಷಿಸಿದ ಡಾಕ್ಟರು ಕಣ್ಣಿನಲ್ಲಿ ದೋಷವೇ ಇಲ್ಲ ಎಂದಾಗ ಡಾಕ್ಟರ ಮೇಲೆ ಅನುಮಾನ ಬಂತು.

ಕೊನೆಗೆ ದೇಸಾಯರ ನೆನಪಾಯಿತು. ಧಾರವಾಡದ ಕಡೆಯವರು, ಎಷ್ಟೋ ವರ್ಷ ನನ್ನ ಜೊತೆ ಲೋಕಲ್ ರೈಲಿನಲ್ಲಿ ನೇತಾಡಿದವರು. ಸಿನಿಮಾ ರೀಲು ತೊಳೆದು ಪ್ರಿಂಟ್ ತೆಗೆಯುವ ಲ್ಯಾಬಿನಲ್ಲಿ ಬಣ್ಣ ಸರಿಪಡಿಸುವ ಕೆಲಸ ಅವರದು. ಅವರ ಮೇಲೂ ನನಗೊಂದು ಹಳೆಯ ಗುಮಾನಿಯಿತ್ತು. ಅಷ್ಟು ವರ್ಷ ಸಿನಿಮಾದ ಕೆಲಸ ಎನ್ನುವ ಮನುಷ್ಯ ಒಬ್ಬ ನಟಿಯ ಸುದ್ದಿಯನ್ನೂ ಹೇಳಿದ್ದಿಲ್ಲ. ಈಗ ಸಾನಪಾಡಾದಲ್ಲಿ ಮಗನ ಮನೆಯಲ್ಲಿದ್ದಾರೆ. ಮೊಬೈಲಿನಲ್ಲಿ ಆ ಸಿನಿಮಾ ಹಿಡಿದುಕೊಂಡು ಹೋಗಿ, ಅತ್ತೆಯ ಕಾಮಾಲೆಯ ಸಂಶಯವನ್ನೂ ಹೇಳಿದೆ.

ದೇಸಾಯರು ಒಂದೇ ಸಲ ನೋಡಿದರು. "ಮ್ಯಾಲೆ ಟ್ಯೂಬ್‌ಲೈಟ್ ಅದಾವಲ್ರೀ."

"ಇವೆ. ಅದಕ್ಕೇನು?"

"ಅದರ ಬೆಳಕಿನಾಗ ಹಸಿರು ಜಾಸ್ತಿ ಇರ್ತದ್ರೀ. ನಮ್ಮ ಕಣ್ಣು ಅದನ್ನ ಹೊಂದಿಸಿಕೊಂಡು ಬಿಳೀನ ಅನ್ಕೋತದ. ಹಳೇ ರೀಲಿಗೆ ಆ ಉಪಾಯ ಗೊತ್ತಿಲ್ಲ, ಇದ್ದದ್ದು ಇದ್ದಂಗ ಹಿಡೀತದ. ರೊಕ್ಕ ಇದ್ದವ್ರು ದೀಪ ಬದಲಿ ಮಾಡ್ತಿದ್ರು, ಇಲ್ಲಾ ಕ್ಯಾಮೆರಾಕ್ಕ ಗುಲಾಬಿ ಗಾಜು ಹಾಕ್ತಿದ್ರು. ಇವ್ರು ಹಂಗ ಹೊಡದಾರ."

"ಹಾಗಂತ ಹೇಗೆ ನಂಬುವುದು?"

ದೇಸಾಯರು ನನ್ನನ್ನು ಕನಿಕರದಿಂದ ನೋಡಿದರು. "ತಾಟಿನಾಗಿನ ಇಡ್ಲಿ ನೋಡ್ರಿ. ಹೀರೋನ ಮಾರಿ ನೋಡ್ರಿ. ಎಲ್ಲಾರಿಗೂ ಕಾಮಣಿ ಆಗಿತ್ತೇನು?"

ನೋಡಿದೆ. ಇಡ್ಲಿ ಹಸಿರು, ಹೀರೋ ಹಸಿರು, ಗೋಡೆಯ ಮೇಲಿನ ಗಣಪತಿಯೂ ಹಸಿರು. ಮನೆಯವರೆಲ್ಲ ಒಬ್ಬರ ಮುಖವನ್ನೇ ನೋಡುತ್ತ ಕುಳಿತಿದ್ದರಿಂದ ಯಾರಿಗೂ ಕಂಡಿರಲಿಲ್ಲ. ದೇಸಾಯರು ಚಿತ್ರವನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಬಾಗಿಲಾಚೆಯ ಬಿಸಿಲಿನಲ್ಲಿ ಯಾರೊಡನೆಯೋ ಮಾತಾಡುತ್ತ ನಿಂತವರು ನಮ್ಮ ಮಾವನವರೇ. ಗೋಧಿ ಬಣ್ಣದ, ತುಂಬುಗೆನ್ನೆಯ ಆರೋಗ್ಯವಂತ. ಅಲ್ಲಿಂದ ಮೂರು ಹೆಜ್ಜೆ ಒಳಗಿಟ್ಟು ಗಲ್ಲಾಕ್ಕೆ ಬರುವಷ್ಟರಲ್ಲಿ ಹೀರೇಕಾಯಿ. "ಮೂರು ಹೆಜ್ಜಿಗೆ ಕಾಮಣಿ ಬರೂದಿಲ್ರೀ" ಎಂದರು ದೇಸಾಯರು.

ಮನೆಗೆ ಬಂದು ಅತ್ತೆಗೆ ಆ ಮೂರು ಹೆಜ್ಜೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಹಾಕಿಸಿದರು. "ಎಷ್ಟು ಚಂದ ಉಂಟು ಮೈ" ಎಂದು ಕಣ್ಣೊರೆಸಿಕೊಂಡರು. ಅಂದು ಊಟಕ್ಕೆ ಎರಡನೇ ಸಲ ಅನ್ನ ಬಡಿಸಿಕೊಂಡರು. ನಾನು ಗೆದ್ದೆ ಎಂದು ಕೈ ತೊಳೆಯುತ್ತಿದ್ದಾಗ ಹಿಂದಿನಿಂದ ಕೇಳಿತು.

"ಬಾಗಿಲ ಹತ್ರ ಕೆಂಪು ಸೀರೆಯವಳು ಯಾರು?"

"ಯಾರೋ ಗಿರಾಕಿ ಇರ್ಬೇಕಮ್ಮ" ಎಂದಳು ವಾರಿಜ.

"ಗಿರಾಕಿ ಹತ್ರ ಅಷ್ಟು ನಗ್ಲಿಕ್ಕೆ ಎಂತ ಉಂಟು? ಅಳಿಯಂದ್ರೆ, ಸ್ವಲ್ಪ ದೊಡ್ಡದು ಮಾಡಿ ತೋರಿಸಿ."

ಈಗ ಅವರು ದಿನವೂ ಆ ಕೆಂಪು ಸೀರೆಯ ತನಿಖೆಯಲ್ಲಿದ್ದಾರೆ. ಊಟ, ನಿದ್ರೆ ಎಲ್ಲ ಚೆನ್ನಾಗಿದೆ.

ಚೆನ್ನಾಗಿಲ್ಲದಿರುವುದು ನನ್ನದು. ಸಾನಪಾಡಾದಿಂದ ಮರಳುವಾಗಲೇ, ಲೋಕಲ್ಲಿನಲ್ಲಿ, ಬದಲಾಪುರದ ಒಬ್ಬ ಮನುಷ್ಯ ನೆನಪಾದ. ಅವನ ಸ್ಕೂಟರ್ ಕಳವಾಗಿತ್ತು. ಕಾಗದಪತ್ರದಲ್ಲಿ ಬಿಳಿ ಎಂದಿತ್ತು. ಅವನು ತಂದ ಹಳೆಯ ಫೋಟೊದಲ್ಲಿ, ಮೆಟ್ಟಿಲ ಕೆಳಗೆ ನಿಂತ ಗಾಡಿ ತಿಳಿಹಸಿರು. ನಾನು "ಬಣ್ಣ ತಾಳೆಯಾಗುವುದಿಲ್ಲ" ಎಂದು ಬರೆದು ಅರ್ಜಿ ತಿರಸ್ಕರಿಸಿದೆ. ಅವನು ಮೂರು ಸಲ ಬಂದ. ಮೂರನೆಯ ಸಲ ನನ್ನ ಮೇಜಿನ ಮುಂದೆ ನಿಂತು, "ಸಾಹೇಬ್, ಜಿನ್ಯಾಖಾಲೀ ಟ್ಯೂಬ್ ಆಹೇ, ಮ್ಹಣೂನ್ ಹಿರ್ವೀ ದಿಸ್ತೇ" ಎಂದ. ಮೆಟ್ಟಿಲ ಕೆಳಗೆ ಟ್ಯೂಬ್‌ಲೈಟ್ ಇದೆ, ಅದಕ್ಕೇ ಹಸಿರು ಕಾಣುತ್ತದೆ ಎಂದು. ಅಷ್ಟು ಚಂದದ ಸುಳ್ಳನ್ನು ನನ್ನ ಸರ್ವಿಸಿನಲ್ಲೇ ಕೇಳಿಲ್ಲ ಎಂದು ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ.